ಕೈಗೆ ತಿಳಿಯದ ಬಿಸಿ

“ನನ್ನ ಮಗ ನಾಯಿಗೆ ಹೊಡೀತಾನೆ ಅಂತ ಊರಿಗೆಲ್ಲ ಸಾರಿದೋಳು ನೀನೇ ತಾನೇ?”

ಬಾಗಿಲು ತೆರೆದ ಹಿರಿಯಾಕೆಯ ಮೊದಲ ಮಾತೇ ಅದು! ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ.

ಹೊರಗೆ ನಿಂತಿದ್ದವಳ ಒಂದು ಕೈಯಲ್ಲಿ ಸುರುಳಿ ಸುತ್ತಿದ ರಬ್ಬರ್ ಚಾಪೆ, ಇನ್ನೊಂದರಲ್ಲಿ ಟವೆಲ್ಲು, ಶಾಂಪೂ, ಮಗ್ಗುಗಳ ಚೀಲ. ಮನೆಮನೆಗೆ ಹೋಗಿ ನಾಯಿಗಳಿಗೆ ಸ್ನಾನ ಮಾಡಿಸುವುದು ಅವಳ ಕೆಲಸ. ಕಚ್ಚುವ ನಾಯಿ, ಓಡುವ ನಾಯಿ, ನೀರಿನ ಸದ್ದು ಕೇಳಿದರೆ ಮಂಚದಡಿ ಸೇರುವ ನಾಯಿ... ಎಂಥದ್ದೇ ಆಗಲಿ, ಅವಳ ಕೈಗೆ ಸಿಕ್ಕರೆ ಮೆತ್ತಗಾಗುತ್ತದೆ ಎಂದು ಹೆಸರಾಗಿತ್ತು.

ಆ ಹೆಸರು ಕೇಳಿಯೇ ಬೆಳಗ್ಗೆ ಯಾರೋ ಹೆಂಗಸು ಫೋನ್ ಮಾಡಿದ್ದಳು. ವಯಸ್ಸಾದ ನಾಯಿ, ಮೈಯೆಲ್ಲ ಕೆರೆತ, ನೀರೆಂದರೆ ಆಗದು, ಬೇಗ ಬನ್ನಿ ಎಂದು ವಿಳಾಸ ಕೊಟ್ಟಿದ್ದಳು. ಯಾರ ಮನೆ ಎಂದು ಇವಳು ಕೇಳಿರಲಿಲ್ಲ.

“ನಿಮ್ಮ ಮಗ... ಯಾರು?”

ಕೇಳುತ್ತಲೇ ಅವಳು ಒಳಗೆ ಇಣುಕಿದಳು. ಹಿರಿಯಾಕೆಯ ಹೆಗಲಾಚೆ, ಗೋಡೆಯ ಮೊಳೆಗಳಿಗೆ ಗೊಂಚಲು ಗೊಂಚಲಾಗಿ ತೂಗುಹಾಕಿದ ಹಳೆಯ ಬೀಗದ ಕೈಗಳು ಕಾಣುತ್ತಿದ್ದವು.

ಬೀಗ ರಿಪೇರಿ ಮಾಡುವ ಆ ಬೀಗದವನ ಮನೆ!

“ಗೊತ್ತಾಯ್ತಲ್ಲ? ಫೋನ್ ಮಾಡಿದ್ದು ಪಕ್ಕದ ಮನೆಯೋಳು. ಮಾಡಿಸಿದೋಳು ನಾನು. ನಮ್ಮನೆ ಅಂದಿದ್ರೆ ನೀನು ಬರ್ತಿದ್ಯಾ?”

“...ಇಲ್ಲಮ್ಮ.”

“ಸದ್ಯ, ಸುಳ್ಳು ಹೇಳಲ್ಲ ನೀನು. ಒಳಗೆ ಬಾ. ಬೈಯೋದು ಬೇಕಾದಷ್ಟಿದೆ, ನಿಧಾನವಾಗಿ ಬೈತೀನಿ. ಮೊದ್ಲು ಆ ಮೂಕಪ್ರಾಣಿದು ಕೆರೆತ ನಿಲ್ಸು. ಹೆದರ್ಬೇಡ, ಅವನು ಬರೋದು ಸಂಜೆಗೆ.”

ತಿರುಗಿ ಹೋಗಿಬಿಡಬಹುದಿತ್ತು. ಅವಳ ಕಾಲು ಒಂದು ಹೆಜ್ಜೆ ಹಿಂದಕ್ಕೂ ಹೋಯಿತು. ಅಷ್ಟರಲ್ಲಿ ಒಳಗಿನಿಂದ ನೆಲದ ಮೇಲೆ ಉಗುರಿನ ಸದ್ದು... ಟಕ್ ಟಕ್ ಟಕ್.

ಕಂದು ಬಣ್ಣದ ಮುದಿನಾಯಿ ನಿಧಾನವಾಗಿ ಬಂದು ಅವಳ ಕೈ ಮೂಸಿತು. ಬಾಲ ಒಮ್ಮೆ ಅಲ್ಲಾಡಿತು. ಮತ್ತೊಮ್ಮೆ ಜೋರಾಗಿ.

“ದೊರೆ...” ಎಂದಳು.

ಬೀದಿಯಲ್ಲಿ ಸಿಕ್ಕ ನಾಯಿಗೆ ದೊರೆ ಎಂದು ಹೆಸರಿಟ್ಟವನು ಬೀಗದವನು. ಊಟದ ತಟ್ಟೆ ಕಾಲಿನ ಹತ್ತಿರ ಬಂದರೆ ಮಾತ್ರ ಏಳುತ್ತದೆ, ಇಲ್ಲದಿದ್ದರೆ ಬಿದ್ದುಕೊಂಡಿರುತ್ತದೆ, ದೊರೆಯಲ್ಲದೆ ಇನ್ನೇನು ಎಂದು ಅವನು ನಗುತ್ತಿದ್ದ. ಆ ನಗು ಕೇಳಿ ಅವಳಿಗೆ ಎರಡು ವರ್ಷವಾಗಿತ್ತು.

ಅವರಿಬ್ಬರ ಪರಿಚಯವಾದದ್ದೇ ಒಂದು ತಮಾಷೆ. ಯಾರದೋ ಮನೆಯ ಬಚ್ಚಲಿನಲ್ಲಿ ಚಿಲಕ ಸಿಕ್ಕಿಹಾಕಿಕೊಂಡು, ಕರುವಿನಷ್ಟು ದೊಡ್ಡ ನಾಯಿಯ ಜೊತೆ ಅವಳು ಒಳಗೇ ಉಳಿದುಬಿಟ್ಟಿದ್ದಳು. ಬೀಗದವನನ್ನು ಕರೆಸಿದರು. ಬಾಗಿಲ ಸಂದಿಯಿಂದ ಶಾಂಪೂ ನೊರೆ ಹೊರಗೆ ಹರಿಯುತ್ತಿತ್ತು.

“ಒಳಗೆ ಯಾರಿದ್ದೀರಿ?”

“ನಾನು, ಮತ್ತೆ ಒಂದು ನಾಯಿ.”

“ಕಚ್ಚೋದು ಯಾರು?”

“ಇನ್ನೂ ತಡ ಮಾಡಿದ್ರೆ... ನಾನೇ!”

ಬಾಗಿಲು ತೆರೆಯುವ ಮೊದಲೇ ಇಬ್ಬರೂ ನಕ್ಕಿದ್ದರು. ಅಂದಿನಿಂದ ಅವಳು ಅವನಿಗೆ ‘ನೊರೆ ಮೇಡಂ’. ಅವನ ಪುಟ್ಟ ಅಂಗಡಿಯ ಮುಂದೆ ಹಾದಾಗಲೆಲ್ಲ ಒಂದು ಲೋಟ ಚಹಾ, ಒಂದಿಷ್ಟು ಹರಟೆ. ಮಳೆಗಾಲ ಹೋಗಿ ಚಳಿಗಾಲ ಬಂದಾಗ, ಅಂಗಡಿಯ ಶಟರ್ ಅರ್ಧ ಎಳೆದು ನಿಂತು ಅವನು ತಡವರಿಸುತ್ತ ಕೇಳಿದ್ದ.

“ನಮ್ಮನೆಗೆ... ಅಂದ್ರೆ... ನಮ್ಮನೆಯವಳಾಗಿ ಬರ್ತೀರಾ?”

ಎದೆ ತುಂಬಿ ಬಂದಿದ್ದರೂ ಅವಳು ಕೀಟಲೆ ಮಾಡಿದ್ದಳು. “ಮೊದ್ಲು ನಿಮ್ಮ ದೊರೆನ ತೋರಿಸಿ. ದೊರೆ ಒಪ್ಪಿದ್ರೆ ನಾನೂ ಒಪ್ಪಿದ ಹಾಗೆ. ನಾಯಿ ಸುಳ್ಳು ಹೇಳಲ್ಲ!”

ಅವನು ನಗಲಿಲ್ಲ. ಅದನ್ನು ಅವಳು ಆಗಲೇ ಗಮನಿಸಬೇಕಿತ್ತು.

ಆ ಭಾನುವಾರ ಅವನು ದೊರೆಯನ್ನು ಅಂಗಡಿಗೆ ಕರೆತಂದ. ಅವಳೊಂದಿಗೆ ನಾಯಿ ಒಂದೇ ಗಳಿಗೆಯಲ್ಲಿ ಸ್ನೇಹ ಮಾಡಿಕೊಂಡಿತು. ಆದರೆ ಅವನು ಬಗ್ಗಿ, ಎತ್ತಿಕೊಳ್ಳಲೆಂದು ಎರಡೂ ಕೈ ಚಾಚಿದಾಗ... ಅಯ್ಯೋ! ನಾಯಿ ನೆಲಕ್ಕೆ ಅಂಟಿಕೊಂಡಿತು. ಬಾಲ ಹೊಟ್ಟೆಯಡಿ ಸೇರಿತು. ನಿಂತಲ್ಲೇ ಉಚ್ಚೆ ಹರಿಯಿತು. ಬೆನ್ನ ಮೇಲೆ ಅಂಗೈಯಗಲ ಕೂದಲಿಲ್ಲದ, ನಸುಗೆಂಪು ಚರ್ಮ.

“ಇದೇನಿದು?” ಎಂದಿದ್ದಳು ಅವಳು.

ಅವನು ತಲೆ ತಗ್ಗಿಸಿದ. “ನನ್ನ ಕೈಯಿಂದಲೇ ಆಗಿದ್ದು.”

ಅಷ್ಟೇ. ಅವಳು ಅಲ್ಲಿಂದ ಎದ್ದು ಬಂದಳು. ಬರೀ ಎದ್ದು ಬಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಾಯಿ ಸಾಕುವವರೆಲ್ಲ ಸೇರಿ ಮಾಡಿಕೊಂಡಿದ್ದ ಬಡಾವಣೆಯ ಫೋನ್ ಗುಂಪಿನಲ್ಲಿ, ಕೋಪ ಆರುವ ಮೊದಲೇ, ಬರೆದೂ ಬಿಟ್ಟಳು. ಈ ಬೀಗದವನು ತನ್ನ ನಾಯಿಗೇ ಹಿಂಸೆ ಕೊಡುವ ಮನುಷ್ಯ, ಇಂಥವನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಎಂದು.

ಅವನು ಒಮ್ಮೆಯೂ ಫೋನ್ ಮಾಡಲಿಲ್ಲ. ತಪ್ಪಿತಸ್ಥ, ಅದಕ್ಕೇ ಬಾಯಿಲ್ಲ ಎಂದುಕೊಂಡಳು. ಅಂದುಕೊಂಡು ಎಷ್ಟೋ ದಿನ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು.

“ಏನು ಹಾಗೇ ನಿಂತ್ಬಿಟ್ಟೆ? ಬಚ್ಚಲು ಆ ಕಡೆ,” ಎಂದಳು ಹಿರಿಯಾಕೆ.

ಕೆಲಸ ಅವಳನ್ನು ಕಾಪಾಡಿತು. ಕೈಗೆ ಕೆಲಸ ಸಿಕ್ಕರೆ ಮನಸ್ಸು ಸ್ವಲ್ಪ ಸುಮ್ಮನಿರುತ್ತದೆ.

ಬಚ್ಚಲು ಚಿಕ್ಕದು, ಎತ್ತರದಲ್ಲೊಂದು ಕಿಟಕಿ. ಬಾಗಿಲಿನ ಹತ್ತಿರವೇ ದೊರೆ ನಾಲ್ಕೂ ಕಾಲೂರಿ ನಿಂತುಬಿಟ್ಟಿತು. ಅವಳು ಎಳೆಯಲಿಲ್ಲ. ಒದ್ದೆ ನೆಲದ ಮೇಲೆ ಕಾಲು ಜಾರಬಾರದೆಂದು ರಬ್ಬರ್ ಚಾಪೆ ಹಾಸಿ, ಅದರ ಮೇಲೆ ಬೇಯಿಸಿದ ಕ್ಯಾರೆಟ್ಟಿನ ಚೂರು ಇಟ್ಟು, ತಾನು ಪಕ್ಕಕ್ಕೆ ಮುಖ ತಿರುಗಿಸಿ ಕೂತಳು. ದೊರೆ ಒಂದು ಕಾಲು ಒಳಗಿಟ್ಟಿತು. ಒಂದು ಚೂರು ತಿಂದಿತು. ಇನ್ನೊಂದು ಕಾಲು...

“ಬಾಗಿಲು ಹಾಕ್ಲಾ?” ಎಂದಳು ಹೊರಗೆ ಸ್ಟೂಲಿನ ಮೇಲೆ ಕೂತ ತಾಯಿ.

“ಬೇಡಮ್ಮ. ಓಡಿಹೋಗ್ಬಹುದು ಅಂತ ಗೊತ್ತಿದ್ರೆ ಅದು ಓಡಲ್ಲ.”

“ಮನುಷ್ಯರೂ ಹಾಗೇನಾ?”

ಅವಳು ಖಾಲಿ ಮಗ್ಗನ್ನು ದೊರೆಗೆ ಮೂಸಲು ಕೊಟ್ಟಳು. ಬಕೆಟ್ಟಿನ ನೀರನ್ನು ತಳದವರೆಗೂ ಕಲಸಿ, ತೋಳು ಮಡಚಿ, ಮಣಿಕಟ್ಟಿನ ಒಳಭಾಗಕ್ಕೆ ಸ್ವಲ್ಪ ಸುರಿದುಕೊಂಡಳು.

“ಬೆರಳಲ್ಲಿ ನೋಡಲ್ವೇನಮ್ಮ?”

“ಇಲ್ಲಮ್ಮ. ಕೆಲಸ ಮಾಡೋ ಬೆರಳು ಬಿಸಿಗೆ ಒಗ್ಗಿ ಹೋಗಿರುತ್ತೆ. ಬೆರಳಿಗೆ ಹದ ಅನ್ಸಿದ್ದು ನಾಯಿಗೆ ಜಾಸ್ತಿ ಆಗ್ಬಹುದು.”

ಬಕೆಟ್ಟನ್ನು ಹತ್ತಿರಕ್ಕೆಳೆದುಕೊಂಡು ಅವಳು ತಿರುಗಿದಳು.

ತಾಯಿ ತನ್ನ ಹತ್ತೂ ಬೆರಳುಗಳನ್ನು ಮಡಿಲಲ್ಲಿ ಹರಡಿಕೊಂಡು ನೋಡುತ್ತಿದ್ದಳು.

“ನಾನು ಬೆರಳಲ್ಲೇ ನೋಡಿದ್ದೆ.”

“ಏನಮ್ಮ?”

“ಆವತ್ತು. ನೀರು ಕಾಯಿಸಿದ್ದು ನಾನು. ಕೈ ಅದ್ದಿ ನೋಡ್ದೆ. ಹದವಾಗಿದೆ, ಗಟ್ಟಿಯಾಗಿ ಹಿಡ್ಕೊಳೋ ಅಂದೆ. ಅವನು ಎರಡೂ ಕೈಯಲ್ಲಿ ಹಿಡ್ಕೊಂಡ. ಹುಯ್ದೋಳು... ನಾನು.”

ಅವಳ ಕೈಯ ಮಗ್ಗು ಅಲ್ಲೇ ನಿಂತಿತು.

“ಅದು ಕಿರುಚಿದ್ದು ಈಗ್ಲೂ ಕೇಳ್ಸುತ್ತೆ ನನಗೆ. ಅವನ ಕೈಯೂ ಬೆಂದಿತ್ತು, ಗೊತ್ತಾ? ಅದನ್ನ ಲೆಕ್ಕಕ್ಕೇ ತಗೊಳ್ಲಿಲ್ಲ. ‘ನೀರು ಕಲಸೋದು ಮರೆತೆ ಅಮ್ಮ, ಮೇಲೆ ತಣ್ಣಗಿತ್ತು, ಬಿಸಿಯೆಲ್ಲ ತಳದಲ್ಲಿತ್ತು, ತಪ್ಪು ನಂದೇ’ ಅಂದ. ನಾನು ನಂಬ್ದೆ! ನಂಬಿ, ಇಷ್ಟು ದೊಡ್ಡೋನಾದ್ರೂ ಬುದ್ಧಿ ಇಲ್ವಾ ನಿನಗೆ ಅಂತ ವಾರಗಟ್ಟಲೆ ಬೈದೆ ಕಣಮ್ಮ ಅವನ್ನ. ತಲೆ ಬಗ್ಸಿ ಬೈಸ್ಕೊಂಡ.”

“ಮತ್ತೆ... ನಿಮಗೆ ಹೇಗೆ...”

“ಮೊನ್ನೆ ಡಾಕ್ಟ್ರು ನನ್ನ ಕಣ್ಣು ಮುಚ್ಚಿಸಿ ಬೆರಳಿಗೆ ಏನೋ ಚುಚ್ಚಿದ್ರು. ಯಾವಾಗ ಚುಚ್ತೀರಿ ಅಂತ ಕೇಳ್ದೆ. ಚುಚ್ಚಿ ಆಯ್ತು ಅಂದ್ರು!” ಹಿರಿಯಾಕೆ ನಗಲು ನೋಡಿದಳು, ಆಗಲಿಲ್ಲ. “ಸಕ್ಕರೆ ಕಾಯಿಲೆ. ಬೆರಳಿಗೆ ಬಿಸಿ ಗೊತ್ತಾಗಲ್ಲ, ತಣ್ಣಗೆ ಗೊತ್ತಾಗಲ್ಲ, ಯಾವತ್ತಿಂದ್ಲೋ. ಆವತ್ತಿಂದ ಅವನು ನನ್ನ ಒಲೆ ಹತ್ರ ಬಿಡ್ತಿರ್ಲಿಲ್ಲ. ಮಗನಿಗೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿ ಬಂತು ಅಂದ್ಕೊಂಡಿದ್ದೆ. ದೊರೆ ಮಲಗೋದು ನನ್ನ ಕಾಲ ಹತ್ರ. ನಾನೇ ಸುಟ್ಟೆ ಅಂತ ಗೊತ್ತಾದ್ರೆ ನಾನು ಅದನ್ನ ಮುಟ್ತಿದ್ನಾ? ಅದಕ್ಕೇ ಮುಚ್ಚಿಟ್ಟ.”

ಅವಳ ಅಂಗೈ ದೊರೆಯ ಬೆನ್ನಿನ ಆ ಬೋಳು ಜಾಗದ ಮೇಲಿತ್ತು. ತೆಗೆಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ.

*ನಾಯಿ ಸುಳ್ಳು ಹೇಳಿರಲಿಲ್ಲ... ಆ ಕೈಗಳು ಹಿಡಿದಾಗ ನೋವಾಯಿತು ಎಂದಷ್ಟೇ ಹೇಳಿತ್ತು. ಉಳಿದದ್ದನ್ನೆಲ್ಲ ಕಟ್ಟಿದವಳು ನಾನು!*

ಹೊಸ ನಾಯಿ ಕೈಗೆ ಬಂದಾಗ ಅದರ ಮನೆಯವರನ್ನು ಅವಳು ತಲೆ ತಿನ್ನುವಷ್ಟು ಕೇಳುತ್ತಿದ್ದಳು. ಯಾವಾಗಿಂದ ಹೆದರುತ್ತೆ? ಯಾವ ಸದ್ದಿಗೆ? ಮೊದಲು ಏನಾಗಿತ್ತು? ಕೇಳದೆ ಒಂದು ಹನಿ ನೀರು ಹಾಕುತ್ತಿರಲಿಲ್ಲ. ಮುಖಪರಿಚಯವಿಲ್ಲದವರನ್ನು ಕೇಳುವಷ್ಟನ್ನೂ ಅವಳು ಅವನನ್ನು ಕೇಳಿರಲಿಲ್ಲ. ಏನಾಯಿತು ಎಂಬ ಒಂದು ಮಾತು... ಒಂದೇ ಒಂದು ಮಾತು!

“ಬೀಗದವನ್ನ ಮನೆಯೊಳಗೆ ಬಿಟ್ಕೊಳ್ಳೋದು ನಂಬಿಕೆ ಮೇಲೆ ಕಣಮ್ಮ,” ತಾಯಿ ಮೆಲ್ಲಗೆ ಹೇಳಿದಳು. “ನೀನು ಬರೆದ್ಮೇಲೆ ಒಬ್ರೂ ಕರೀಲಿಲ್ಲ. ಅಂಗಡಿ ಮುಚ್ಚಿ ಈ ಕಡೆಗೆ ಬಂದ್ವಿ. ಈಗ ಯಾರದೋ ಕಾರ್ಖಾನೆಲಿ ಬಾಗಿಲ ಹಿಡಿಕೆ ಕೂರಿಸ್ತಾನೆ. ನಿನ್ನ ಮೇಲೆ ಒಂದು ಮಾತು ಆಡಿಲ್ಲ ಅವನು. ಆಡಿದ್ರೆ ನನಗೆ ಇಷ್ಟು ಕೋಪ ಬರ್ತಿರ್ಲಿಲ್ಲ.”

“ಬೈಯಿರಿ ಅಮ್ಮ... ದಯವಿಟ್ಟು ಬೈಯಿರಿ.”

“ಬೈಬೇಕು ಅಂತ್ಲೇ ಕರೆಸ್ದೆ. ಈಗ ಬರ್ತಿಲ್ಲ. ನೀರು ಆರಿಹೋಗುತ್ತೆ, ಹುಯ್ಯಿ.”

ಅವಳು ಪಾದಗಳಿಂದ ಶುರುಮಾಡಿದಳು. ಮಗ್ಗನ್ನು ಮೈಗೆ ತಾಗಿಸಿಯೇ ಹಿಡಿದು, ಸದ್ದಾಗದಂತೆ, ನೀರು ತಾನಾಗಿ ಇಳಿಯುವಂತೆ. ಪಾದ, ಕಾಲು, ಹೊಟ್ಟೆ. ದೊರೆ ಹೆದರಿ ತುಟಿ ನೆಕ್ಕಿಕೊಂಡು ಕಣ್ಣಂಚಿನ ಬಿಳಿ ತೋರಿಸಿದಾಗಲೆಲ್ಲ ನಿಲ್ಲಿಸಿದಳು. ಉಸಿರು ಇಳಿದ ಮೇಲೆ ಮತ್ತೆ. ಔಷಧಿಯ ಶಾಂಪೂವನ್ನು ನೀರಲ್ಲಿ ಬೆರೆಸಿ ಬೆರಳ ತುದಿಯಿಂದ ತೀಡಿದಳು. ಅವಳ ಕಣ್ಣೀರು ಯಾವುದು, ನೊರೆ ನೀರು ಯಾವುದು, ನಾಯಿಗಂತೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವಳ ಅಂಗೈಯಡಿಯಲ್ಲಿ ದೊರೆಯ ಮೈ ಬಿಗಿಯಾಯಿತು.

ನಡುಮನೆಯಲ್ಲಿ ಅವನು ನಿಂತಿದ್ದ!

ಸಂಜೆ ಬರಬೇಕಾದವನು ಬೇಗ ಬಂದಿದ್ದ. ಕೈಯಲ್ಲಿ ಊಟದ ಡಬ್ಬಿ. ಮುಖ ಇಳಿದಿತ್ತು, ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು ಬಂದಿದ್ದವು. ಅವಳನ್ನು ನೋಡಿದ. ನೋಡಿ, ಏನು ಹೇಳಬಹುದು... ‘ಯಾಕೆ ಬಂದ್ರಿ’ ಎನ್ನಬಹುದು, ‘ಎದ್ದು ಹೋಗಿ’ ಎನ್ನಬಹುದು. ಎಲ್ಲದಕ್ಕೂ ಅವಳು ತಲೆ ತಗ್ಗಿಸಿ ಕಾದಳು.

“ನಾನು ಆ ಕಡೆ ಬರಲ್ಲ,” ಎಂದ ಅವನು. “ಅದು ಹೆದರುತ್ತೆ. ನೀವು ಮುಗಿಸಿ.”

ಹೀಗೆಂದು ಹೇಳಿ ಗೋಡೆಯ ಮರೆಗೆ ಸರಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ.

“ಅಮ್ಮಾ, ಇದು ನಿನ್ನ ಕೆಲಸ ತಾನೇ?” ಮರೆಯಿಂದಲೇ ಕೇಳಿದ.

“ಹೂಂ, ನಂದೇ. ಎಲ್ಲಾ ಹೇಳಿದ್ದೀನಿ ಅವಳಿಗೆ. ನೀರು ಕಲಸಿರ್ಲಿಲ್ಲವಂತೆ! ನಿನ್ನ ಸುಳ್ಳು ನನಗೂ ಗೊತ್ತಾಯ್ತು ಮಗಾ.”

ಊಟದ ಡಬ್ಬಿ ನೆಲಕ್ಕಿಟ್ಟ ಸದ್ದು. ಆಮೇಲೆ ಅವನ ದನಿ, ತುಂಬಾ ಸಣ್ಣಗೆ.

“ಯಾವತ್ತಿಂದ ಗೊತ್ತು?”

“ಡಾಕ್ಟ್ರು ಚುಚ್ಚಿದ ದಿನದಿಂದ. ಅಳ್ಬೇಡ, ನಾನು ಅತ್ತು ಮುಗಿಸಿದ್ದೀನಿ. ಇವತ್ತೂ ದೊರೆನ ಮುಟ್ಟಿದ್ದೀನಿ, ನಾಳೆನೂ ಮುಟ್ತೀನಿ. ಈಗ ನನ್ನ ಸೊಂಟ ಹಿಡ್ಕೊಂಡಿದೆ, ಮಲಗ್ತೀನಿ. ನಿಮ್ಮಿಬ್ರ ಜಗಳ ನೀವು ನೋಡ್ಕೊಳ್ಳಿ. ನಾಯಿಗೆ ಶೀತ ಮಾಡ್ಬೇಡಿ.”

ಹಿರಿಯಾಕೆ ಎದ್ದು ಕೋಣೆಗೆ ಹೋದಳು. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ!

ಈ ಕಡೆ ಅವಳು, ಗೋಡೆಯ ಆ ಕಡೆ ಅವನು.

“ನಾನು ಕೇಳ್ಬೇಕಿತ್ತು,” ಎಂದಳು ಅವಳು.

“ಹೂಂ. ಕೇಳ್ಬೇಕಿತ್ತು.”

ಪರವಾಗಿಲ್ಲ ಎನ್ನಲಿಲ್ಲ ಅವನು. ಅದೇ ಸರಿ ಎನಿಸಿತು ಅವಳಿಗೆ.

“ಕೇಳಿದ್ರೆ... ಹೇಳ್ತಿದ್ರಾ?”

“ಅಮ್ಮನ ವಿಷಯ ಹೇಳ್ತಿರ್ಲಿಲ್ವೇನೋ. ಆದ್ರೆ ನೀವು ಕೇಳಿದ್ರೆ ಸಾಕಾಗಿತ್ತು. ಇವನು ಅಂಥವನಲ್ಲ, ಏನೋ ಆಗಿರ್ಬೇಕು ಅಂತ ನಿಮಗೆ ಒಂದು ಕ್ಷಣ ಅನ್ಸಿದ್ರೆ... ಅಷ್ಟೇ ಸಾಕಾಗಿತ್ತು ನನಗೆ.”

ಅವಳು ಕೈ ಒರೆಸಿಕೊಂಡಳು. ಚೀಲದಿಂದ ಫೋನ್ ತೆಗೆದು, ಒಂದು ಕೈ ದೊರೆಯ ಬೆನ್ನ ಮೇಲೇ ಇಟ್ಟುಕೊಂಡು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಬರೆದಳು. ಅದೇ ಗುಂಪಿಗೆ. ಕಳಿಸಿದ ಮೇಲೆ ಜೋರಾಗಿ ಓದಿದಳು.

“‘ಎರಡು ವರ್ಷದ ಹಿಂದೆ ಒಬ್ಬ ಬೀಗದವರ ಬಗ್ಗೆ ಇಲ್ಲಿ ಬರೆದಿದ್ದೆ. ಅದು ಸುಳ್ಳು. ಏನಾಯಿತು ಎಂದು ವಿಚಾರಿಸದೆ ಬರೆದೆ. ಅವರು ನಾಯಿಗೆ ನೋವು ಮಾಡಿದವರಲ್ಲ. ನನ್ನ ಮಾತು ಕೇಳಿ ಅವರನ್ನು ಕರೆಯುವುದು ಬಿಟ್ಟವರಿಗೆ, ಇನ್ನು ನನ್ನನ್ನೂ ಕರೆಯಬಾರದು ಅನ್ನಿಸಿದರೆ ಅದು ನ್ಯಾಯವೇ.’”

ಅವನು ಗೋಡೆಯ ಮರೆಯಿಂದ ಇಣುಕಿದ. “ನಿಮ್ಮ ಕೆಲಸಕ್ಕೇ ಪೆಟ್ಟು ಬೀಳುತ್ತಲ್ರೀ!”

“ಬೀಳ್ಲಿ.”

“ಅಮ್ಮನ ವಿಷಯ ಬರೆದಿಲ್ಲ.”

“ಅದು ನಿಮ್ಮ ಮನೆ ವಿಷಯ. ತಪ್ಪು ನಂದು, ನನ್ನದಷ್ಟೇ ಬರ್ದೆ.”

ಅವಳು ನೊರೆ ಮೆತ್ತಿದ ಮೊಣಕೈಯಿಂದ ಕಣ್ಣೊರೆಸಿಕೊಂಡು ಹೇಳಿದಳು.

“ಬನ್ನಿ. ನೊರೆ ತೊಳೀಬೇಕು. ನೀವೇ ನೀರು ಹಾಕಿ.”

“ಬೇಡ. ಅದು...”

“ನಾನಿದ್ದೀನಿ. ಹಿಡ್ಕೋಬೇಡಿ, ಎತ್ತೋಕೆ ಹೋಗ್ಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ, ಎದುರಿಗೆ ಬೇಡ. ಅದರ ಕಣ್ಣಮುಂದೆ ನಿಮ್ಮ ಕೈ ನೀರಲ್ಲಿ ಅದ್ದಿ. ಆಮೇಲೆ ಸುಮ್ನೆ ಇಟ್ಕೊಳ್ಳಿ, ಅದೇ ಮೂಸ್ಲಿ.”

ಅವನು ಬಂದ. ಹೆಜ್ಜೆಯ ಮೇಲೆ ಹೆಜ್ಜೆ, ಕಳ್ಳನ ಹಾಗೆ. ಚಾಪೆಯ ಅಂಚಿಗೆ ಕೂತು ಬಕೆಟ್ಟಿಗೆ ಕೈ ಅದ್ದಿದ. ಆ ಕೈಯ ಮೇಲೂ ಸುಟ್ಟ ಕಲೆಗಳಿದ್ದವು. ಇಷ್ಟು ಹತ್ತಿರದಿಂದ ಅವಳು ಅದನ್ನು ಎಂದೂ ನೋಡಿರಲಿಲ್ಲ... ನೋಡಿದ್ದಳೇನೋ, ಬೀಗದ ಕೆಲಸದವರ ಕೈಯೇ ಹಾಗೆ ಎಂದುಕೊಂಡಿದ್ದಳು.

“ನೋಡಿ, ನಡುಗ್ತಿದೆ,” ಎಂದ.

“ದೊರೆ ನಡುಗ್ತಿಲ್ಲ. ನಡುಗ್ತಿರೋದು ನೀವು.”

ದೊರೆ ಕತ್ತು ಉದ್ದ ಮಾಡಿತು. ಹಿಂದೆ ಸರಿಯಿತು. ಮತ್ತೆ ಕತ್ತು ಚಾಚಿತು. ಒದ್ದೆ ಕೈಯನ್ನು ಮೂಸಿತು, ಬೆರಳ ಸಂದಿ, ಮಣಿಕಟ್ಟು, ಕಲೆ.

“ಈಗ ಕಾಲಿಗೆ. ಮಗ್ಗು ಮೈಗೆ ತಾಗಿರ್ಲಿ. ನಿಧಾನ.”

ನೀರು ಇಳಿಯಿತು. ದೊರೆ ಮುಖವನ್ನು ಅವಳ ಮಡಿಲಲ್ಲಿ ಹುದುಗಿಸಿಕೊಂಡಿತು. ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಹಿಂಗಾಲು ಆಗಾಗ ಅದುರುತ್ತಿತ್ತು. ಆದರೆ ಬೆನ್ನನ್ನು ಅವನ ಕಡೆಗೇ ಬಿಟ್ಟಿತ್ತು.

ಎರಡನೇ ಮಗ್ಗು. ಮೂರನೆಯದು. ಬೋಳು ಜಾಗದ ಮೇಲೆ ನೀರು ಹರಿದಾಗ ಅವನು ಅಳುತ್ತಿದ್ದ, ಸದ್ದಿಲ್ಲದೆ.

“ಎರಡು ವರ್ಷ ಒದ್ದೆ ಬಟ್ಟೆಲಿ ಒರೆಸ್ತಿದ್ದೆ, ಅದು ನಿದ್ದೆ ಮಾಡ್ತಿರೋವಾಗ. ಎಚ್ಚರ ಇರೋವಾಗ ಮುಟ್ಟೇ ಇಲ್ಲ,” ಎಂದ. “ನಾಯಿ ಆಯಸ್ಸಲ್ಲಿ ಎರಡು ವರ್ಷ ಅಂದ್ರೆ ಎಷ್ಟು ಅಂತ ನಿಮಗೆ ಗೊತ್ತಲ್ಲ.”

ಅವಳಿಗೆ ಗೊತ್ತಿತ್ತು. ಅವತ್ತೇ ಕೇಳಿದ್ದರೆ, ಅವತ್ತೇ ಇದೇ ಚಾಪೆ ಹಾಸಿ, ಅವನನ್ನು ಹೀಗೇ ಕೂರಿಸಿ ಕಲಿಸಬಹುದಿತ್ತು. ದೊರೆಗೆ ಆಗ ಇನ್ನೂ ಓಡುವ, ಚೆಂಡು ಹಿಡಿಯುವ ಶಕ್ತಿಯಿತ್ತು. ಆ ದಿನಗಳನ್ನು ಈಗ ಯಾವ ಮಾತಿನಿಂದ ತಂದುಕೊಡುವುದು?

“ಅದನ್ನ ನನ್ನಿಂದ ವಾಪಸ್ ಕೊಡೋಕೆ ಆಗಲ್ಲ,” ಎಂದಳು.

“ಗೊತ್ತು.”

ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೈಯನ್ನು ಉಜ್ಜದೆ, ಟವೆಲ್ಲಿನಲ್ಲಿ ಒತ್ತಿ ಒತ್ತಿ ಇಬ್ಬರೂ ನೀರು ತೆಗೆದರು. ಟವೆಲ್ಲಿನಡಿ ಒಮ್ಮೆ ಬೆರಳಿಗೆ ಬೆರಳು ತಾಗಿತು. ಯಾರೂ ತೆಗೆಯಲಿಲ್ಲ.

“ಮತ್ತೆ ಯಾವಾಗ ಸ್ನಾನ?” ಅವನು ಟವೆಲ್ಲು ನೋಡುತ್ತಲೇ ಕೇಳಿದ.

“ಚರ್ಮ ವಾಸಿಯಾಗೋವರೆಗೂ ವಾರಕ್ಕೊಂದು. ಆಮೇಲೆ ತಿಂಗಳಿಗೊಂದು ಸಾಕು.”

“ನನಗೆ ಸಾಲಲ್ಲ.”

ಅವಳ ಕೈ ನಿಂತಿತು. “ನನ್ನ ಮೇಲೆ... ಕೋಪ ಇಲ್ವಾ?”

“ಇದೆ. ಕೋಪ ಇಟ್ಕೊಂಡೇ ಕಾದಿದ್ದೆ.”

“ನಾನೂ ಕಾ... ಇಲ್ಲ. ಅದನ್ನ ಹೇಳೋ ಹಕ್ಕು ನನಗಿಲ್ಲ.”

“ಹೇಳಿ. ಹಕ್ಕಿನ ವಿಷಯ ಆಮೇಲೆ ಜಗಳ ಆಡೋಣ. ದಿನಾ ಆಡೋಣ.”

“ಕಾದಿದ್ದೆ,” ಎಂದಳು. “ನೀವು ಬರಲ್ಲ ಅಂತ ಗೊತ್ತಿದ್ದೂ ಕಾದಿದ್ದೆ.”

ದೊರೆ ಇಬ್ಬರ ನಡುವಿನಿಂದ ಎದ್ದು, ಟವೆಲ್ಲನ್ನು ಅರ್ಧ ಎಳೆದುಕೊಂಡೇ ಕೋಣೆಯೊಳಗೆ ಹೋಯಿತು. ಮಂಚ ಕಿರ್ರೆಂದಿತು. ಹಿರಿಯಾಕೆ ಕಣ್ಣು ಮುಚ್ಚಿಕೊಂಡೇ ಗೋಡೆಯ ಕಡೆಗೆ ಸರಿದು, ಒದ್ದೆ ನಾಯಿಗೆ ಜಾಗ ಬಿಟ್ಟಳು.